ದೋಣಿ ಹೋಗದ ಕಡಲು

ಮೀನುಗಾರನ ಗಂಟಲು ಕಟ್ಟಿದ್ದು ಸರಿಯಾಗಿ ಕಡಲಿಗೆ ಗೆರೆ ಎಳೆಯುವ ದಿನವೇ. ಬೆಳಿಗ್ಗೆ ಬೆಕ್ಕನ್ನು ಗದರಿಸಲು ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲಿನ ಸದ್ದು ಹೊರಟಿತು. ಬೆಕ್ಕು ಕದಲಲೂ ಇಲ್ಲ.

ಕೆಲವು ವರ್ಷಗಳಿಂದ ಮೀನು ಕಡಿಮೆಯಾಗುತ್ತ ಬಂದಿತ್ತು. ಒಂದು ಕಡೆ ಯಾರೂ ಏನನ್ನೂ ಹಿಡಿಯದೆ ಬಿಟ್ಟರೆ ಅಲ್ಲಿ ಮರಿಗಳು ಬಲಿತು ಉಳಿದ ಕಡೆಗೂ ಹರಡುತ್ತವೆ ಎಂದು, ಕಡಲಜೀವಿಗಳನ್ನು ಕಾಯುವ ಸಮುದ್ರ ಉದ್ಯಾನದ ಅಧಿಕಾರಿಣಿ ಎಲ್ಲರಿಗೂ ತಿಳಿಹೇಳಿದ್ದಳು. ಎಲ್ಲರೂ ಒಪ್ಪಿದ್ದರು. ಯಾವ ಕಡೆ ಎಂಬುದಷ್ಟೇ ಬಾಕಿ.

ಹರಾಜುಕಟ್ಟೆಯ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಯಾರ ದೋಣಿ ಎಲ್ಲಿ ಓಡಾಡುತ್ತದೋ ಅಲ್ಲಲ್ಲಿ ಗುರುತು ಹಾಕಿಸಿ ಅಧಿಕಾರಿಣಿ ನಿಷೇಧದ ಗೆರೆ ಎಳೆಯಲು ಹಸಿರು ಪೆನ್ಸಿಲ್ ಎತ್ತಿಕೊಂಡಳು. ದಕ್ಷಿಣದ ಆಳ ತನ್ನ ಅಪ್ಪನ ಕಾಲದ್ದೆಂದು ದೊಡ್ಡ ದೋಣಿಯ ಯಜಮಾನ ಹೇಳಿದ. ಜನ್ಮದಲ್ಲಿ ಕಡಲಿಗೆ ಕಾಲಿಡದ ಐಸ್ ವ್ಯಾಪಾರಿಯೂ ಬಂದರಿನ ಬಾಯಿ ಮುಟ್ಟಿದರೆ ಊರೇ ಮುಳುಗುತ್ತದೆಂದ. ಪೆನ್ಸಿಲ್ಲು ಬಾಡಿಗೆ ಮನೆ ಹುಡುಕುವ ಬಡವನಂತೆ ಹೋದಲ್ಲೆಲ್ಲ ಇಲ್ಲ ಅನ್ನಿಸಿಕೊಂಡು, ಕೊನೆಗೆ ಉತ್ತರದ ಪುಟ್ಟ ಕೊಲ್ಲಿಯ ಮೇಲೆ ನಿಂತಿತು.

ಮೀನುಗಾರ ಬಲೆ ಬಿಡುತ್ತಿದ್ದುದು ಅದೊಂದೇ ಕೊಲ್ಲಿಯಲ್ಲಿ. ಅವನ ಹಳೇ ದೋಣಿ ಅದರಾಚೆಯ ಅಲೆ ತಡೆಯುವಂಥದ್ದಲ್ಲ. ಅವನು ಎದ್ದು ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ.

"ಏನಂತೆ?" ಅಧಿಕಾರಿಣಿ ಕೇಳಿದಳು.

ಪಕ್ಕದಲ್ಲಿದ್ದ ಮೀನುಗಾರನ ಭಾವಮೈದುನ ಯಜಮಾನನ ದೋಣಿಯಲ್ಲೇ ಕೂಲಿಗಿದ್ದವನು. "ಒಪ್ಪಿಗೆಯಂತೆ. ಖುಷಿಗೆ ಮಾತೇ ಹೊರಡ್ತಿಲ್ಲ" ಎಂದ.

ಮೀನುಗಾರ ಎರಡೂ ಕೈ ಬೀಸಿದ. ಜನ ಚಪ್ಪಾಳೆ ತಟ್ಟಿದರು. ಅವನ ನಮಸ್ಕಾರಕ್ಕೆ ಒಂದು ದಿನವೂ ಪ್ರತಿನಮಸ್ಕಾರ ಮಾಡದ ಯಜಮಾನ ಅವನನ್ನು ತಬ್ಬಿ, ಇಂಥ ತ್ಯಾಗಿ ಊರಿಗೊಬ್ಬನಿದ್ದರೆ ಸಾಕು ಎಂದ. ಹೊಗಳಿ ಹೊನ್ನಶೂಲಕ್ಕೆ ಏರಿಸುವುದೆಂದರೆ ಇದೇ. ಹಸಿರು ಗೆರೆ ಬಿತ್ತು.

ಮಧ್ಯಾಹ್ನವೆಲ್ಲ ಅವನು ದೋಣಿ ಕಟ್ಟುವ ಧಕ್ಕೆಯ ಮೇಲೆ ಕೂತು ಬಿಸಿನೀರು ಕುಡಿದ. ಮೋಡ ಕವಿದ ಕಡಲು ತೊಳೆಯದ ಪಾತ್ರೆಯಂತೆ ಬಿದ್ದುಕೊಂಡಿತ್ತು. ಸಂಜೆಯ ಹೊತ್ತಿಗೆ ಅರ್ಧ ಸ್ವರ ಬಂತು. ಅಷ್ಟನ್ನೇ ಹಿಡಿದುಕೊಂಡು ಅಧಿಕಾರಿಣಿಯ ಕಚೇರಿಗೆ ಓಡಿದ.

"ಆ ಕೊಲ್ಲಿ ಹೋದ್ರೆ ನನಗೆ ಬೇರೆ ಗತಿಯಿಲ್ಲ, ಮೇಡಂ."

ಅವಳ ಮುಖ ಕಪ್ಪಿಟ್ಟಿತು. ಮೊದಲೇ ಕೇಳಬೇಕಿತ್ತು ಎಂದು ನೊಂದುಕೊಂಡಳು. ಆದರೆ ಗೆರೆ ಅಳಿಸಿದರೆ ಬದಲಿಗೆ ಮರಿಗಳು ಬೆಳೆಯುವ ಇನ್ನೊಂದು ಜಾಗ ಬೇಕೇ ಬೇಕು. "ಎಲ್ಲಿ ಅಂತ ನೀವೇ ಹೇಳಿ" ಎಂದಳು.

ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಕ್ಷೆಯನ್ನು ಬಹಳ ಹೊತ್ತು ನೋಡಿದ. ಎಲ್ಲೆಡೆ ಯಾರಾದರೊಬ್ಬರ ದೋಣಿಯ ಗುರುತು. ದಡದಂಚಿನ ಕಪ್ಪು ಬಂಡೆಸಾಲು ಮಾತ್ರ ಖಾಲಿ. ಅವನು ಅದರ ಮೇಲೆ ಬೆರಳಿಟ್ಟ. ಅಲ್ಲಿಗೆ ಹೋದರೆ ದೋಣಿ ಒಡೆಯುತ್ತದೆ, ಆದ್ದರಿಂದ ಯಾರೂ ಹೋಗುವುದಿಲ್ಲ, ಯಾರಿಗೂ ನಷ್ಟವಿಲ್ಲ ಎಂದ. ಬಂಡೆಸಂದುಗಳು ಮರಿಗಳಿಗೆ ತೊಟ್ಟಿಲಿದ್ದಂತೆ ಎಂದು ಅವಳೂ ಹಿಗ್ಗಿದಳು. ಫೋನಿನಲ್ಲಿ ಯಜಮಾನ, ತನ್ನ ದಕ್ಷಿಣದ ಆಳವಲ್ಲವೆಂದು ತಿಳಿದದ್ದೇ, ಜಾಗ ಯಾವುದೆಂದು ಹೇಳುವ ಮೊದಲೇ ಒಪ್ಪಿದ. ಕೊಲ್ಲಿಯ ಗೆರೆ ಅಳಿಯಿತು, ಬಂಡೆಗಳ ಸುತ್ತ ಹೊಸದು ಬಿತ್ತು.

ಅವನು ಮನೆಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಹೆಂಡತಿ ಬಂದಳು. ಮೊಣಕಾಲವರೆಗೆ ಒದ್ದೆ, ಸೊಂಟದ ಮೇಲೆ ಚಿಪ್ಪುಮೀನಿನ ಬುಟ್ಟಿ. ಅವನ ಬಲೆ ಬರಿದಾಗಿ ಬರತೊಡಗಿದ ಮೇಲೆ ಒಲೆ ಉರಿಯುತ್ತಿದ್ದುದು ಆ ಬುಟ್ಟಿಯಿಂದಲೇ. ಅವನು ಮಾತ್ರ ತನ್ನ ಸಾಹಸವನ್ನು ಒಂದಕ್ಷರ ಬಿಡದೆ ಹೇಳಿದ.

"ದೋಣೀನೇ ಹೋಗದ ಜಾಗ ಕಣೇ. ಹೇಗಿದೆ ನನ್ನ ತಲೆ?"

ಅವಳು ಬುಟ್ಟಿಯನ್ನು ನೆಲಕ್ಕಿಳಿಸಿದಳು. ಚಿಪ್ಪಿಗೆ ಅಂಟಿದ್ದ ಕಪ್ಪು ಕಲ್ಲಿನ ಚೂರೊಂದನ್ನು ಕಿತ್ತು ಅವನೆದುರಿಗಿಟ್ಟಳು.

"ದೋಣಿ ಹೋಗಲ್ಲ" ಎಂದಳು. "ನಾನು ನಡ್ಕೊಂಡು ಹೋಗ್ತಿದ್ದೆ."