ಹೊಸ ಹಲ್ಲಿಗೆ ಮೊದಲ ವಾಫಲ್

"ಅಂಗಡಿ ವಾಫಲ್ಲಾ? ಈ ಕೈ ಇರೋವಾಗ ಅಂಗಡಿಗೆ ಯಾಕೆ ಹೋಗಬೇಕು ರೀ?" ಎಂದು ಸೊಸೆ ತನ್ನ ಎರಡೂ ಕೈಗಳನ್ನು ಗಂಡನ ಮೂಗಿನ ತುದಿಗೆ ತಂದು ತೋರಿಸಿದಳು.

ಸಾಮಾನ್ಯ ಕೈಗಳಲ್ಲ ಅವು! ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ತಯಾರಿಸುವ ಕೈಗಳು. ಊರಿನ ಅರ್ಧ ಹಿರಿಯರು ಧೈರ್ಯವಾಗಿ ನಗುವುದೇ ಆ ಕೈಗಳ ಕೃಪೆಯಿಂದ. ಅಳತೆಗೆಂದು ಬಂದವರ ಬಾಯಿಗೆ ಮೇಣದ ತುಂಡಿಟ್ಟು, "ಕಚ್ಚಿಕೊಂಡಿರಿ. ನಾನು ಹೇಳೋವರೆಗೂ ಬಾಯಿ ತೆಗೀಬೇಡಿ!" ಎಂದು ಅವಳು ಅಪ್ಪಣೆ ಕೊಟ್ಟರೆ, ನಿವೃತ್ತ ಪೊಲೀಸ್ ಅಧಿಕಾರಿಗಳು ಕೂಡ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಆ ಕೈಗಳಿಂದಲೇ ಮೊನ್ನೆ ಅತ್ತೆಗೂ ಒಂದು ಸೆಟ್ಟು ತಯಾರಾಗಿತ್ತು.

ಅತ್ತೆಯನ್ನು ನೆನೆದರೆ ಸೊಸೆಗೆ ಎದೆ ತುಂಬಿ ಬರುತ್ತಿತ್ತು. ಮಗಳು ಗುಬ್ಬಿ ಇನ್ನೂ ಕತ್ತು ನಿಲ್ಲದ ಕೂಸಾಗಿದ್ದಾಗ, "ನೀನು ಕೆಲಸಕ್ಕೆ ಹೋಗು, ಇದನ್ನ ನಾನು ನೋಡ್ಕೋತೀನಿ" ಎಂದು ಎತ್ತಿಕೊಂಡವರು ಇನ್ನೂ ಕೆಳಗಿಳಿಸಿಲ್ಲ. ಈಗ ಗುಬ್ಬಿಗೆ ನಾಲ್ಕು ವರ್ಷ. ಶಿಶುವಿಹಾರದಿಂದ ಕರೆತರುವಾಗ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಅವಳಿಗೊಂದು ಗುಳಿಗುಳಿಯಾದ ಸಿಹಿ ವಾಫಲ್ ಕೊಡಿಸಿ, ಅವಳು ಅದನ್ನು 'ಕರುಂ' ಎಂದು ಕಚ್ಚುವ ಸದ್ದನ್ನು ಕೇಳುತ್ತಾ ಕೂರುವುದು ಅತ್ತೆಯ ದಿನಚರಿ. ಹಲ್ಲಿಲ್ಲದ ಬಾಯಿಗೆ ಅಷ್ಟೇ ಭಾಗ್ಯ! "ಹಲ್ಲು ಬಂದ ಮೇಲೆ ನಂಗೂ ಆ ಸದ್ದು ಬರತ್ತೇನೇ?" ಎಂದು ಒಮ್ಮೆ ನಾಚಿಕೊಂಡೇ ಕೇಳಿದ್ದರು.

ಮೆತ್ತನೆಯ ಊಟದ ದಿನಗಳು ಮುಗಿದು, "ಇನ್ನು ಗರಿಗರಿಯಾದ್ದು ಕಚ್ಚಬಹುದು" ಎಂದು ಡಾಕ್ಟರು ಹೇಳಿದ ದಿನವೇ ಸೊಸೆ ಪಣ ತೊಟ್ಟಳು. ಆ ಮೊದಲ 'ಕರುಂ' ತನ್ನ ಕೈಯಿಂದಲೇ ಆಗಬೇಕು!

"ಹಲ್ಲು ಬೇರೆ, ವಾಫಲ್ ಬೇರೆ ಕಣೆ" ಎಂದ ಗಂಡ. ಅವನು ಲೆಕ್ಕದ ಮೇಷ್ಟ್ರು. ಎರಡು ಬೇರೆ ವಸ್ತುಗಳನ್ನು ಕೂಡಿಸಿದರೆ ಅವನಿಗೆ ಆಗುವುದಿಲ್ಲ.

"ಎರಡೂ ಒಂದೇ ರೀ. ಅಚ್ಚಿಗೆ ಹುಯ್ಯೋದು, ಗಟ್ಟಿಯಾದ ಮೇಲೆ ತೆಗೆಯೋದು. ಇದರಲ್ಲಿ ಏನು ಮಹಾ ಇದೆ?"

ಯಂತ್ರ ಕೊಳ್ಳಲು ಹೋದಾಗ ಗಂಡ ದುಂಡಗಿನದೋ ಚೌಕದ್ದೋ, ಗುಳಿ ಆಳವಿರಬೇಕೋ ಬೇಡವೋ ಎಂದು ಲೆಕ್ಕಾಚಾರದಲ್ಲಿ ಮುಳುಗಿದ. ಸೊಸೆ ಮಾತ್ರ ಸಾಲಾಗಿಟ್ಟ ಯಂತ್ರಗಳ ಬಾಯಿಯನ್ನೆಲ್ಲ ಒಂದೊಂದಾಗಿ ಅಗಲಿಸಿ, ಪುಟ್ಟ ಟಾರ್ಚು ಬಿಟ್ಟು, ಮೇಲಿನ ದವಡೆ ಕೆಳಗಿನ ದವಡೆಗೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಿದಳು.

ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಮೇಡಂ, ಅವಕ್ಕೆಲ್ಲ ಹಲ್ಲುನೋವಿಲ್ಲ, ಹೊಸವು!"

ಕೊನೆಗೆ ಆಳವಾದ ಗುಳಿಗಳ, ಗಟ್ಟಿ ಹಿಡಿಕೆಯ, ಕೆಂಪು ದೀಪದ ಒಂದು ಯಂತ್ರ ಮನೆಗೆ ಬಂತು. ಕಚ್ಚು ಎಂದರೆ ಆ ಕಚ್ಚು! ಒಂದೆಳೆಯಷ್ಟೂ ಸಂದು ಇಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯನ್ನು ಊಟದ ಮೇಜಿನ ಮುಂದೆ ಕೂರಿಸಿ, ಸೊಸೆ ಅಡುಗೆಮನೆಯಲ್ಲಿ ಯುದ್ಧಕ್ಕೆ ನಿಂತಳು. ಗಂಡ ಹಿಟ್ಟು, ಸಕ್ಕರೆಗಳನ್ನು ಬಟ್ಟಲಿಗೆ ತುಂಬಿ, ಮೇಲೆ ಸ್ಕೇಲು ಎಳೆದು ಸಮ ಮಾಡಿ ಕೊಟ್ಟ. ಯಂತ್ರದ ಜೊತೆ ಬಂದ ಪುಸ್ತಿಕೆಯನ್ನೂ ಹಿಡಿದು ನಿಂತ.

"ಇಲ್ಲಿ ಬರೆದಿದಾರೆ, ಹಿಟ್ಟನ್ನ ಜಾಸ್ತಿ..."

"ನಂಗೇ ಪಾಠಾನಾ? ನಿಮ್ಮ ಶಾಲೆ ಮಕ್ಕಳಿಗೆ ಹೇಳಿಕೊಡಿ ಹೋಗಿ!"

ಹಲ್ಲಿನ ಅಚ್ಚಿಗೆ ಬಿಳಿ ಗಾರೆ ಹುಯ್ಯುವಾಗ ಒಂದೇ ಒಂದು ಗುಳ್ಳೆ ಉಳಿದರೂ ಹಲ್ಲಿಗೆ ತೂತು. ಗುಳ್ಳೆಯೇ ಅವಳ ಜನ್ಮವೈರಿ! ಆದ್ದರಿಂದ ವಾಫಲ್ ಹಿಟ್ಟನ್ನು ಕಲಸಿ, ತಿರುವಿ, ಪಾತ್ರೆಯನ್ನು ಕಟ್ಟೆಗೆ ಕುಟ್ಟಿ ಕುಟ್ಟಿ, ಗುಳ್ಳೆಗಳ ವಂಶವನ್ನೇ ನಿರ್ನಾಮ ಮಾಡಿದಳು. ಅಚ್ಚಿನ ಮೂಲೆಮೂಲೆಗೂ ತುಂಬಬೇಕೆಂದು ಅಂಚಿನವರೆಗೆ ಹುಯ್ದಳು. ದವಡೆ ಮುಚ್ಚಿ ಒತ್ತಿದಳು.

ಯಂತ್ರ ವಾಂತಿ ಮಾಡಿಕೊಂಡಿತು! ನಾಲ್ಕು ಕಡೆಯಿಂದಲೂ ಹಿಟ್ಟು ಉಕ್ಕಿ, ಕಟ್ಟೆಯಿಂದಿಳಿದು, ಅರ್ಧ ತೆರೆದಿದ್ದ ಡ್ರಾಯರಿಗೆ ನುಗ್ಗಿ, ಚಮಚಗಳಿಗೆಲ್ಲ ಅಭ್ಯಂಜನ ಮಾಡಿಸಿತು.

"ಏನಾಯ್ತೇ?" ಎಂದರು ಅತ್ತೆ ಊಟದ ಮೇಜಿನಿಂದಲೇ.

"ಏನಿಲ್ಲ ಅತ್ತೆ, ಸ್ವಲ್ಪ ಉತ್ಸಾಹ ಜಾಸ್ತಿ ಆಯ್ತು!"

ಎರಡನೆಯದಕ್ಕೆ ಹಿಟ್ಟು ಕಡಿಮೆ ಮಾಡಿದಳು. ಆದರೆ ಒಳಗೇನಾಗುತ್ತಿದೆ ಎಂದು ನೋಡದೆ ಇರುವುದು ಹೇಗೆ? ಹಬೆ ಬುಸುಗುಡುತ್ತಿರುವಾಗಲೇ ಮೆಲ್ಲಗೆ ಮುಚ್ಚಳ ಎತ್ತಿದಳು. ವಾಫಲ್ ಅರ್ಧ ಮೇಲಿನ ದವಡೆಗೆ, ಅರ್ಧ ಕೆಳಗಿನ ದವಡೆಗೆ ಅಂಟಿ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಬೇರೆಯಾಯಿತು. ಚಮಚದಿಂದ ಕೆರೆದು ತಟ್ಟೆಗೆ ಹಾಕಿದಳು. ಮುಂದಿನದಕ್ಕೂ ಅದೇ ಗತಿ. ಅದರ ಮುಂದಿನದನ್ನು ಹಲ್ಲು ಕಚ್ಚಿ ಕಾದು ತೆಗೆದಳು. ಬಂತು, ಇಡಿಯಾಗಿಯೇ ಬಂತು! ಬಗ್ಗಿಸಿದರೆ ಬಗ್ಗಿತು. ಬಿಟ್ಟರೆ ಪುಟಿದು ನೆಟ್ಟಗಾಯಿತು.

ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿದ. "ನನ್ನ ಬಲಗಾಲಿನ ಚಪ್ಪಲಿ ಸವೆದಿದೆ. ಇದು ಸರಿಹೋಗತ್ತೆ."

ಸೊಸೆ ನೆಲದ ಮೇಲೆ ಕುಸಿದು ಕೂತಳು. ನಾಲ್ಕು ವರ್ಷ ತನ್ನ ಮಗುವನ್ನು ಎತ್ತಿ ಆಡಿಸಿದ ಜೀವಕ್ಕೆ ಒಂದು ಸದ್ದು ಕೊಡುವ ಯೋಗ್ಯತೆಯೂ ತನಗಿಲ್ಲವೇ? ಕಣ್ಣಂಚು ಒದ್ದೆಯಾಯಿತು.

"ಓದಿ ರೀ" ಎಂದಳು ಮೆಲ್ಲಗೆ.

"ಏನು?"

"ಅದೇ... ಪುಸ್ತಿಕೆ."

ಗಂಡ ದೊಡ್ಡ ಮನಸ್ಸು ಮಾಡಿ ನಗಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದ. "ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಹಗುರವಾಗಿ ಬೆರೆಸಿ. ಹಿಟ್ಟನ್ನು ಹೆಚ್ಚು ಕಲಸಬೇಡಿ. ಗುಳ್ಳೆಗಳನ್ನು ಹಾಗೆಯೇ ಬಿಡಿ. ಗರಿಗರಿಯಾಗಲು ಅವೇ ಕಾರಣ. ಹಬೆ ನಿಲ್ಲುವವರೆಗೆ ಮುಚ್ಚಳ ತೆರೆಯಬೇಡಿ."

ಗುಳ್ಳೆಯೇ ಕಾರಣ! ಇಷ್ಟು ವರ್ಷ ಬೆನ್ನಟ್ಟಿ ಕೊಂದ ವೈರಿಯ ಕಾಲು ಹಿಡಿಯುವ ಕಾಲ ಬಂತು. ಹೊಸದಾಗಿ ಹಿಟ್ಟು ಕಲಸಿದಳು. ಬಿಳಿ ನೊರೆಯನ್ನು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಾಜೂಕಾಗಿ ಅದಕ್ಕೆ ಸೇರಿಸಿದಳು.

"ಇದೋ, ಸಕ್ಕ..." ಎಂದು ಗಂಡ ಮತ್ತೆ ಸ್ಕೇಲು ಎಳೆದು ಸಮ ಮಾಡಿದ ಬಟ್ಟಲು ಚಾಚಿದ.

"ಶ್! ನೊರೆ ಕೂತುಬಿಡತ್ತೆ! ಅಲ್ಲಿಡಿ!"

ಹಿಟ್ಟು ಹುಯ್ದು ಮುಚ್ಚಿದ್ದಾಯಿತು. ಹಬೆ ಎದ್ದಿತು. ಸೊಸೆಯ ಕೈ ಅವಳಿಗೇ ತಿಳಿಯದಂತೆ ಹಿಡಿಕೆಯತ್ತ ಸರಿಯಿತು. ಅಷ್ಟರಲ್ಲಿ ಕಟ್ಟೆಯ ಎತ್ತರದಿಂದ ಗುಡುಗೊಂದು ಕೇಳಿಸಿತು. ಸ್ಟೂಲಿನ ಮೇಲೆ ಹತ್ತಿ ನಿಂತಿದ್ದ ಗುಬ್ಬಿ, ಬೆರಳೆತ್ತಿ, ಥೇಟು ಅಮ್ಮನ ಆಸ್ಪತ್ರೆಯ ದನಿಯಲ್ಲಿ ಹೇಳಿದಳು:

"ಕಚ್ಚಿಕೊಂಡಿರಿ! ನಾನು ಹೇಳೋವರೆಗೂ ಬಾಯಿ ತೆಗೀಬೇಡಿ!"

ಯಂತ್ರ ಹೆದರಿತೋ ಇಲ್ಲವೋ, ಅಮ್ಮ ಹೆದರಿ ಕೈ ಹಿಂದಕ್ಕೆಳೆದುಕೊಂಡಳು. ಬುಸುಬುಸು ಎನ್ನುತ್ತಿದ್ದ ಹಬೆ ಸಣ್ಣಗಾಯಿತು. ನಿಂತಿತು.

"ಹೂಂ. ಈಗ 'ಆ' ಮಾಡಿ" ಎಂದಳು ಗುಬ್ಬಿ.

ಆಹಾ! ಹೊಂಬಣ್ಣದ, ಚೌಕಚೌಕ ಗುಳಿಗಳ, ತಟ್ಟಿದರೆ ಟಕಟಕ ಎನ್ನುವ ವಾಫಲ್! ಸೊಸೆ ಅದನ್ನು ಮೆರವಣಿಗೆಯಲ್ಲಿ ಊಟದ ಮೇಜಿಗೆ ತಂದಳು. ಬಂದು ನೋಡಿದರೆ ಅತ್ತೆಯ ಮುಂದೆ ಖಾಲಿ ತಟ್ಟೆ. ಪಕ್ಕದ ಲೋಟದ ನೀರಿನಲ್ಲಿ ಹೊಸ ಹಲ್ಲು ತಣ್ಣಗೆ ನಗುತ್ತಿದೆ.

"ಅತ್ತೆ! ಆ ಹಾಳಾಗಿದ್ದೆಲ್ಲ ಎಲ್ಲಿ?"

"ಗುಬ್ಬಿ ತಂದು ಕೊಡ್ತಾ ಇದ್ಲು, ತಿಂದೆ" ಎಂದರು ಅತ್ತೆ ಬೊಚ್ಚುಬಾಯಲ್ಲಿ. "ನೀನು ಅಷ್ಟು ಕಷ್ಟಪಟ್ಟು ಮಾಡ್ತಿದೀಯ, ಬಿಸಾಕೋಕೆ ಮನಸ್ಸು ಬರಲಿಲ್ಲ."

"ಆ ಚಪ್ಪಲೀನೂ?"

"ಹಾಲಲ್ಲಿ ನೆನೆಸಿದೆ."

"ಮತ್ತೆ ಹಲ್ಲು ಯಾಕೆ ತೆಗೆದ್ರಿ?"

"ಅದನ್ನ ಒಳ್ಳೇದಕ್ಕೆ ಅಂತ ಎತ್ತಿಟ್ಟಿದ್ದೆ ಕಣೆ. ನೀನು ಇವತ್ತು ಮಾಡೇ ಮಾಡ್ತೀಯ ಅಂತ ಗೊತ್ತಿತ್ತಲ್ಲ."

ಅತ್ತೆ ಹಲ್ಲು ಹಾಕಿಕೊಂಡರು, ಸೆರಗಿನಿಂದ ಬಾಯಿ ಒರೆಸಿಕೊಂಡರು, ವಾಫಲ್ಲಿನ ಮೂಲೆಗೆ ಬಾಯಿ ಹಾಕಿದರು.

ಕರುಂ!

"ಬಂತು! ಅಜ್ಜಿಗೂ ಸದ್ದು ಬಂತು!" ಎಂದು ಗುಬ್ಬಿ ಕುಣಿದಳು. ಅತ್ತೆ ಕಣ್ಣು ಮುಚ್ಚಿ ಇನ್ನೊಂದು ಸಲ ಕಚ್ಚಿದರು, ಮತ್ತೊಂದು ಸಲ ಕಚ್ಚಿದರು.

"ಹೇಗಿದೆ ಅತ್ತೆ?"

"ಸದ್ದು ಅಮೋಘ!"

"ರುಚಿ?"

"ಹಲ್ಲಂತೂ ಬಂಗಾರದ ಹಾಗೆ ಕೂತಿದೆ ನೋಡು!"

ಗುಬ್ಬಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. "ಅಮ್ಮಾ, ಇದಕ್ಕೆ ಸಕ್ಕರೇನೇ ಹಾಕಿಲ್ಲ!"

ಗಂಡ ಅಡುಗೆಮನೆಗೆ ಹೋಗಿ, ಸ್ಕೇಲು ಎಳೆದು ಸಮ ಮಾಡಿದ್ದ ಸಕ್ಕರೆ ಬಟ್ಟಲನ್ನು ತಂದು ಮೇಜಿನ ನಡುವೆ ಇಟ್ಟ.

"ಅಯ್ಯೋ ಅತ್ತೆ! ನಿಮ್ಮ ಮೊದಲನೇ ವಾಫಲ್ಲನ್ನೇ ನಾನು..." ಎಂದು ಸೊಸೆ ರಾಗ ಎಳೆಯತೊಡಗಿದಳು. ಅತ್ತೆ ಒಂದು ತುಂಡು ಮುರಿದು, ಸಕ್ಕರೆಗೆ ಅದ್ದಿ, ಅವಳ ಬಾಯಿಗೆ ತುರುಕಿದರು.

"ಕಚ್ಚಿಕೊಂಡಿರು. ನಾನು ಹೇಳೋವರೆಗೂ ಬಾಯಿ ತೆಗೀಬೇಡ!"

ಊರಿನವರ ಬಾಯನ್ನೆಲ್ಲ ಮುಚ್ಚಿಸುತ್ತಿದ್ದವಳು ಮರುಮಾತಿಲ್ಲದೆ ಕಚ್ಚಿಕೊಂಡಳು.

ಕರುಂ!