ಏಳನೇ ಭಾನುವಾರದ ಬುಟ್ಟಿ

ಭಾನುವಾರದ ನಡಿಗೆಯ ಗುಂಪಿಗೆ ಇದ್ದದ್ದು ಒಂದೇ ಕಾಯಿದೆ. ಗುರಿ ಮುಟ್ಟುವಾಗ ಯಾರು ಕೊನೆಯವರೋ, ಮುಂದಿನ ವಾರ ಎಲ್ಲರ ಊಟದ ಬುಟ್ಟಿ ಅವರ ಹೆಗಲಿಗೆ. ಹನ್ನೊಂದು ತಟ್ಟೆ, ಎರಡು ಫ್ಲಾಸ್ಕು, ಒಂದು ಜಮಖಾನ. ಹೊತ್ತವನು ಹಿಂದೆ ಬೀಳುತ್ತಿದ್ದ, ಹಿಂದೆ ಬಿದ್ದವನೇ ಮತ್ತೆ ಹೊರುತ್ತಿದ್ದ. ಹೀಗಾಗಿ ಅಂಚೆ ಗುಮಾಸ್ತನಿಗೆ ಅಂಟಿದ ಬುಟ್ಟಿ ಆರು ವಾರವಾದರೂ ಬಿಟ್ಟಿರಲಿಲ್ಲ. ಕಚೇರಿಯಲ್ಲಿ ಮುದ್ರೆ ಒತ್ತಲು ಕೈಯೆತ್ತಿದರೆ ಭುಜ ಕಟಕ್ ಎನ್ನುತ್ತಿತ್ತು.

ಏಳನೇ ಭಾನುವಾರ ಅವನು ಹಲ್ಲು ಕಚ್ಚಿ ನಿರ್ಧರಿಸಿದ, ಇವತ್ತು ಏನಾದರಾಗಲಿ, ಕೊನೆಯವನಾಗುವುದಿಲ್ಲ. ಗುಂಪಿನಲ್ಲೇ ನಡೆಯುತ್ತಿದ್ದ ಹೆಂಡತಿಗೂ ಹೇಳಲಿಲ್ಲ, ಹೇಳಿದ್ದರೆ ಗುಂಪಿಗೆಲ್ಲ ಡಂಗುರವಾಗುತ್ತಿತ್ತು.

ಅಂದಿನ ನಡಿಗೆ ಹಾಳು ಕೋಟೆಯ ಹೆಬ್ಬಾಗಿಲಿನಿಂದ ಗುಡ್ಡದ ಮೇಲಿನ ಕಾವಲು ಗೋಪುರಕ್ಕೆ. ಗುಂಪಿನ ಯಜಮಾನರಾದ ನಿವೃತ್ತ ಚರಿತ್ರೆ ಮೇಷ್ಟ್ರು ಬಾಗಿಲಿನ ಮೊಳೆಗಳ ವಿಚಾರ ಶುರು ಹಚ್ಚಿಕೊಂಡರು. ಒಂದು ಮೊಳೆಗೆ ಐದು ನಿಮಿಷ. ಬಾಗಿಲಲ್ಲಿ ಮೊಳೆಗಳು ಬೇಕಾದಷ್ಟಿದ್ದವು. ಗುಮಾಸ್ತ ಗೋಡೆಯ ಬಿರುಕಿನಲ್ಲಿ ಮೆಲ್ಲಗೆ ಜಾರಿಕೊಂಡ.

ಅವನು ಜಾರಿದ, ಬುಟ್ಟಿ ಜಾರಲಿಲ್ಲ. ಬಲವಾಗಿ ಎಳೆದಾಗ ಬುಟ್ಟಿಯೂ ಬಂತು, ಇನ್ನೂರು ವರ್ಷ ಅಲ್ಲಾಡದಿದ್ದ ಎರಡು ಕಲ್ಲೂ ಬಂದವು. ಮುಂದೆ ಮುಳ್ಳಿನ ಪೊದೆ ಪ್ಯಾಂಟಿನ ಹಿಂಭಾಗವನ್ನು ಇಟ್ಟುಕೊಂಡಿತು. ಅದರಾಚೆಯ ಕಂದಕ ನೋಡಲು ಒಣಗಿತ್ತು, ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಮೇಲೆ ಮೇಕೆ ಮೇಯಿಸುತ್ತಿದ್ದ ಅಜ್ಜಿ ಇಣುಕಿ, ತಟ್ಟೆ ಮಾರುವವನೇ ಎಂದು ವಿಚಾರಿಸಿದಳು. ಅಲ್ಲ ಎಂದಾಗ ಅವಳಿಗೆ ಬೇಸರವಾಯಿತು.

"ಅಲ್ಲಿ ನೆಟ್ಟಗೆ ದಾರಿ ಇದೆಯಲ್ಲಪ್ಪ, ಇಲ್ಯಾಕೆ ಬಿದ್ದಿದೀಯ?"

"ಆ ದಾರೀಲಿ ಜನ ಇದಾರಜ್ಜಿ," ಎಂದು ಅವನು ಒಂದು ಬೂಟನ್ನು ಕೆಸರಿಗೇ ಬಿಟ್ಟು ಮೇಲೆ ಹತ್ತಿದ.

ಗೋಪುರದ ಬಳಿ ನರಪಿಳ್ಳೆಯೂ ಇರಲಿಲ್ಲ. ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಜಮಖಾನ ಹಾಸಿ, ತಟ್ಟೆ ಜೋಡಿಸಿ, ಮದುವೆ ಗಂಡಿನಂತೆ ಬೀಗುತ್ತ ಕೂತ.

ಒಂದು ಗಂಟೆಯ ಮೇಲೆ ಗುಂಪು ಹರಟುತ್ತ ಬಂತು. ಇವನನ್ನು ಕಂಡದ್ದೇ ಹರಟೆ ನಿಂತಿತು. ಮೇಷ್ಟ್ರು ಟೊಪ್ಪಿಗೆ ತೆಗೆದರು. ಹೆಂಡತಿ ತಲೆಯ ಮೇಲೆ ಕೈ ಹೊತ್ತು ಪಕ್ಕದಲ್ಲಿ ಕುಸಿದಳು.

"ನೀವು ಹಿಂದೆ ಎಲ್ಲೋ ಬರ್ತಿದೀರ ಅಂದ್ಕೊಂಡಿದ್ದೆ. ಹೆಬ್ಬಾಗಿಲ ಹತ್ರ ಕಾಯಿದೆ ಬದಲಾಯಿಸಿದ್ವಿ ಕಣ್ರೀ. ನಿಮ್ಮ ಒದ್ದಾಟ ನೋಡೋಕಾಗ್ದೆ ನಾನೇ ಹೇಳ್ದೆ, ಇದು ಆರಾಮದ ನಡಿಗೆ, ಅವಸರ ಮಾಡಿ ಮೊದಲು ಬಂದೋರೇ ಬುಟ್ಟಿ ಹೊರಲಿ ಅಂತ. ಎಲ್ರೂ ಕೈ ಎತ್ತಿದ್ರು."

ಗುಮಾಸ್ತ ಲೆಕ್ಕ ಹಾಕಿ ನೋಡಿದ, ನಷ್ಟ ಒಂದೇ ವಾರದ್ದು. ನಿಧಾನದಲ್ಲಿ ಅವನನ್ನು ಸೋಲಿಸುವವರು ಈ ಗುಂಪಿನಲ್ಲಿ ಯಾರಿದ್ದಾರೆ?

"ಹೋಗ್ಲಿ ಬಿಡು. ಮುಂದಿನ ವಾರ ಬುಟ್ಟಿ ಹೊತ್ಕೊಂಡು ಕೊನೇಲಿ ಬರ್ತೀನಿ."

ಹೆಂಡತಿ ಮುಖ ಆಚೆ ತಿರುಗಿಸಿದಳು.

"ಇನ್ನೊಂದು ಮಾತೂ ಸೇರಿಸಿದೀನ್ರೀ. ಬುಟ್ಟಿ ಹೊತ್ತೋರು ಪಾಪ, ಅವರನ್ನ ಒಂದು ಗಂಟೆ ಮೊದ್ಲೇ ಕಳಿಸ್ಬೇಕು, ದಾರೀಲಿ ಯಾರೂ ಅವರನ್ನ ದಾಟಿ ಹೋಗ್ಬಾರ್ದು ಅಂತ."

ಗುಮಾಸ್ತ ಉಳಿದಿದ್ದ ಒಂದು ಬೂಟನ್ನೂ ಬಿಚ್ಚಿ, ಇನ್ನು ಎಂದೆಂದಿಗೂ ತನ್ನದೇ ಆದ ಬುಟ್ಟಿಯೊಳಗಿಟ್ಟ.