ಚಾರ್ಜ್ ಆಗದ ರೋಡ್ ರೋಲರು

ಎಲ್ಲ ಜೀವಗಳೊಳಗೂ ಬೆಳಕಾಗಿ ಕೂತಿರುವ ನಾರಾಯಣನಿಗೆ ಮೊದಲು ಕೈ ಮುಗಿಯುತ್ತೇನೆ. ಚಿಂತಾಮಣಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು. ಹಣೆಯ ನಾಮ ನೋಡಿ ಎಲ್ಲರೂ ನನ್ನನ್ನು ‘ಸ್ವಾಮಿ’ ಅಂತಾರೆ. ‘ಈ ಕೆಲಸದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ’ ಅನ್ನಿಸಿದಾಗೆಲ್ಲ ಭಗವಂತ ಒಂದು ಹಳೇ ಗಾಡಿ ಕಳಿಸುತ್ತಾನೆ. ಈ ಸಲ ಕಳಿಸಿದ್ದು ರೋಡ್ ರೋಲರು.

೧. ಫೋನಿನಲ್ಲಿ ಗುಡುಗು

ಶಿಡ್ಲಘಟ್ಟದ ಕಡೆಯಿಂದ ಅದರ ಡ್ರೈವರು ಫೋನ್ ಮಾಡಿದ. ಇಂಜಿನ್ನಿನ ಡಗಡಗದಲ್ಲಿ ‘ಸ್ವಾಮಿ’ ಅನ್ನೋದೊಂದು ಬಿಟ್ಟು ಏನೂ ಕೇಳಿಸಲಿಲ್ಲ.

“ಇಂಜಿನ್ ಆಫ್ ಮಾಡಿ ಮಾತಾಡಪ್ಪಾ!”

“ಆಫ್ ಮಾಡಂಗಿಲ್ಲ ಸ್ವಾಮಿ!” ಅಂತ ಕಿರುಚಿದ. “ಬ್ಯಾಟರಿ ಚಾರ್ಜೇ ಆಗ್ತಿಲ್ಲ. ಬೆಳಿಗ್ಗೆ ಗೌಡ್ರ ಟ್ರ್ಯಾಕ್ಟರ್ ಬ್ಯಾಟರಿ ತಂದು ಸ್ಟಾರ್ಟ್ ಮಾಡಿದ್ರೆ ಸಾಯಂಕಾಲದವರೆಗೂ ಹಿಂಗೇ. ಊಟಾನೂ ಈ ಸದ್ದಲ್ಲೇ.”

“ಒಂದೇ ನಿಮಿಷ ಕಣಪ್ಪಾ. ಏನಾಗುತ್ತೆ?”

“ಏನೂ ಆಗಲ್ಲ. ಎಂಟು ಟನ್ ಐತೆ, ನೀವೇ ಬಂದು ತಳ್ಳಿಕೊಡಿ.”

ನಾನು ಟೂಲ್ಸ್ ಚೀಲ ಎತ್ತಿಕೊಂಡೆ.

೨. ಅಂಗಡಿಯ ಕರೆಂಟು

ಇಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸೋದು ಆಲ್ಟರ್ನೇಟರು. ಬೆಲ್ಟು ಬಿಗಿ ಮಾಡಿದೆ. ಚಾರ್ಜ್ ಇಲ್ಲ. ಆಲ್ಟರ್ನೇಟರನ್ನೇ ಬಿಚ್ಚಿ ಚಿಂತಾಮಣಿಗೆ ಒಯ್ದು, ಒಳಗಿನ ಸವೆದ ಬ್ರಷ್ಷು ಬದಲಾಯಿಸಿದೆ. ಅಂಗಡಿಯಲ್ಲಿ ತಿರುಗಿಸಿ ನೋಡಿದರೆ ಭರ್ಜರಿ ಕರೆಂಟು. ಮಾರನೇ ದಿನ ತಂದು ರೋಲರಿಗೆ ಕೂರಿಸಿದರೆ ಸೊನ್ನೆ.

“ನಮ್ಮ ಅಂಗಡೀಲಿ ಚೆನ್ನಾಗೇ ಬರ್ತಿತ್ತು ಗೌಡ್ರೇ” ಅಂದೆ.

ರೋಲರಿನ ಯಜಮಾನರಾದ ಗೌಡರು ಹೆಗಲ ಮೇಲಿನ ಟವೆಲ್ ಕೊಡವಿದರು. “ಹಂಗಾದ್ರೆ ನಿಮ್ಮ ಅಂಗಡೀನೇ ತಂದು ಇದರ ಮೇಲೆ ಕೂರಿಸ್ರಪ್ಪಾ.”

ಸುತ್ತ ಇದ್ದವರೆಲ್ಲ ನಕ್ಕರು. ಡ್ರೈವರು ಮಾತ್ರ ನಗಲಿಲ್ಲ. ಯಾಕಂದ್ರೆ ಗೌಡರು ಅಷ್ಟಕ್ಕೇ ನಿಲ್ಲಿಸಲಿಲ್ಲ: “ಗುರುವಾರದೊಳಗೆ ಸರಿಯಾಗ್ಲಿಲ್ಲ ಅಂದ್ರೆ ಗೌರಿಬಿದನೂರಿನ ಗುಜರಿಯವನಿಗೆ ಕೊಟ್ಬಿಡ್ತೀನಿ.” ಡ್ರೈವರು ಇಪ್ಪತ್ತೆರಡು ವರ್ಷದಿಂದ ಓಡಿಸಿದ್ದು ಇದೊಂದೇ ಗಾಡಿ. ಈ ವಯಸ್ಸಿನಲ್ಲಿ ಅವನಿಗೆ ಹೊಸ ಗಾಡಿ ಯಾರು ಕೊಡುತ್ತಾರೆ?

೩. ಗುರುವಾರ

ಗುರುವಾರ ಅಂಗಡಿಯಿಂದ ಒಂದು ತುಂಬಿದ ಬ್ಯಾಟರಿ ಹೊತ್ತುಕೊಂಡು ಹೋದೆ. ಗುಜರಿಯವನು ನನಗಿಂತ ಮುಂಚೆ ಬಂದು ರೋಲರಿನ ಗಾಲಿ ತಟ್ಟಿ ನೋಡುತ್ತಿದ್ದ. ಡ್ರೈವರು ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ. ಎರಡು ದಿನವೂ ಇಂಜಿನ್ ಪಕ್ಕದಲ್ಲೇ ಕೂತು ಕೆಲಸ ಮಾಡಿದವನು ಅವತ್ತು ಮೊದಲ ಸಲ ಡ್ರೈವರ್ ಸೀಟಿಗೆ ಹತ್ತಿದೆ.

ಎದುರಿಗೇ ಆಂಜನೇಯನ ಫೋಟೋ. ಅದರ ಮುಂದೆ ಮಿಣಮಿಣ ಅಂತ ಪುಟ್ಟ ಕೆಂಪು ದೀಪ. ಎಂಥಾ ಭಕ್ತಿ ಅಂತ ಕಣ್ಣು ತುಂಬಿ ಬಂತು. “ತಪ್ಪೆಲ್ಲಿದೆ ತೋರಿಸಪ್ಪಾ ತಂದೆ” ಅಂತ ಕೈ ಮುಗಿದೆ. ಕಣ್ಣು ಬಿಟ್ಟೆ. ಫೋಟೋದ ಕೆಳಗೆ, ಮೀಟರ್ ಬೋರ್ಡಿನಲ್ಲಿ, ಚಾರ್ಜಿಂಗ್ ದೀಪ ಇರಬೇಕಾದ ಕಡೆ ಬರೀ ತೂತು!

“ಇಲ್ಲಿದ್ದ ಬಲ್ಬೆಲ್ಲಪ್ಪಾ?”

“ಅದಾ? ಕೀ ಹಾಕಿದ್ರೆ ಹತ್ತೋದು, ಇಂಜಿನ್ ಶುರುವಾದ ತಕ್ಷಣ ಆರೋಗೋದು. ಗಾಡಿಗಂತೂ ಕೆಲಸಕ್ಕೆ ಬರಲ್ಲ, ದೇವರಿಗಾದ್ರೂ ಬರಲಿ ಅಂತ ಬ್ಯಾಟರಿಯಿಂದ ನೇರ ವೈರ್ ಎಳೆದು ಸ್ವಾಮಿಗೆ ಹಾಕ್ದೆ. ನಾಲ್ಕು ತಿಂಗಳಾಯ್ತು.”

ಆ ಪುಟ್ಟ ಬಲ್ಬಿನ ಮೂಲಕ ಹಾಯುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸೋದು. ಬಲ್ಬಿಲ್ಲದಿದ್ದರೆ ಆಲ್ಟರ್ನೇಟರು ತಿರುಗುತ್ತಲೇ ನಿದ್ದೆ ಮಾಡುತ್ತದೆ. ನಾನೋ, ದೊಡ್ಡ ಮೇಸ್ತ್ರಿ, ಬೋರ್ಡಿನ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ.

ಬಲ್ಬಿಗೆ ಕೈ ಹಾಕಿದೆ. ಡ್ರೈವರು ಅಡ್ಡ ಬಂದ. “ದೇವರ ದೀಪ ಕೀಳ್ತೀರಾ? ನಾಮ ಹಾಕ್ಕೊಂಡು?”

“ಏಯ್, ಗುಜರಿಗೆ ಹೋದ್ರೆ ದೇವರು ಎಲ್ಲಿ ಕೂರ್ತಾನೋ?” ಅಂತ ಗೌಡರು ಗದರಿದರು.

ಕೊನೆಗೆ ಬಲ್ಬನ್ನು ಅದರ ತೂತಿಗೇ ಸೇರಿಸಿ, ಆಂಜನೇಯನನ್ನೇ ಅದರ ಪಕ್ಕಕ್ಕೆ ಇಳಿಸಿದೆ. ತಂದಿದ್ದ ಬ್ಯಾಟರಿ ಜೋಡಿಸಿದೆ. ಡ್ರೈವರು ಕೀ ಹಾಕಿದ, ದೀಪ ಹತ್ತಿತು. ಇಂಜಿನ್ ಶುರುವಾಯಿತು, ದೀಪ ಆರಿತು. ಡ್ರೈವರು ಗಾಬರಿಯಿಂದ ಕೆನ್ನೆ ಬಡಿದುಕೊಂಡ. ನಾನು ಟೆಸ್ಟರ್ ಹಿಡಿದೆ. ಆಲ್ಟರ್ನೇಟರಿನಿಂದ ಭರ್ತಿ ಚಾರ್ಜು! ಗುಜರಿಯವನು ಬೈಕ್ ಹತ್ತಿ ಹೊರಟೇಬಿಟ್ಟ.

“ಹೆದರಬೇಡ ಕಣಪ್ಪಾ” ಅಂದೆ. “ಕೆಂಪು ದೀಪ ಅಂದ್ರೆ ‘ಚಾರ್ಜ್ ಇಲ್ಲ’ ಅಂತ ಕಂಪ್ಲೇಂಟು. ನಾಲ್ಕು ತಿಂಗಳು ಬಿಡದೆ ಅದನ್ನ ಸ್ವಾಮಿ ಮುಂದೆ ಇಟ್ಟಿದ್ದೀಯ. ಕೇಳಿಸ್ಕೊಂಡು ನನ್ನ ಕಳಿಸಿದ್ದಾನೆ.”

ಅವನು ಕಣ್ಣೊರೆಸಿಕೊಂಡು ನಕ್ಕ. “ಕೇಳಿಸ್ಕೊಂಡಿದ್ದು ಸರಿ ಸ್ವಾಮಿ. ಮೂರು ದಿನ ಒದ್ದಾಡೋ ಮೇಸ್ತ್ರೀನ ಯಾಕೆ ಕಳಿಸಿದ?”

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಗಾಡಿಗಳೂ ಒಂದೇ ಕೀಗೆ ಸ್ಟಾರ್ಟ್ ಆಗಲಿ. ನಾರಾಯಣ ನಿಮ್ಮ ಮನೆಮಂದಿಯನ್ನೆಲ್ಲ ನಗುನಗುತ್ತಾ ಇಟ್ಟಿರಲಿ.